ಮೆಟ್ರೋ ಪಕ್ಕ ಅಪಾರ್ಟ್‌ಮೆಂಟ್ ಬರುತ್ತಿದೆಯಾ? ಬ್ಯಾನರ್ ಕಟ್ಟುವ ಮೊದಲು ಇಷ್ಟು ಮಾಡಿ

ಪಕ್ಕದ ಖಾಲಿ ಜಾಗಕ್ಕೆ ನೀಲಿ ತಗಡು ಬಡಿದ ದಿನವೇ ಬಡಾವಣೆಯ ವಾಟ್ಸಾಪ್ ಗುಂಪಿಗೆ ಜೀವ ಬರುತ್ತದೆ. ಅಲ್ಲಿಯವರೆಗೆ ಬೆಳಗಿನ ಹೂವಿನ ಚಿತ್ರ, ಕಸದ ಗಾಡಿ ಬರಲಿಲ್ಲ ಅನ್ನೋ ದೂರು, ಅಷ್ಟೇ. ತಗಡು ಕಂಡ ಮೇಲೆ ನೂರಾರು ಮೆಸೇಜು. ಎಷ್ಟು ಮಹಡಿಯಂತೆ? ನೀರು ಎಲ್ಲಿಂದ ತರುತ್ತಾರಂತೆ? ನಾವು ಬಿಡಬಾರದು, ಕೋರ್ಟಿಗೆ ಹೋಗೋಣ. ಭಾನುವಾರ ಪಾರ್ಕಿನಲ್ಲಿ ಮೀಟಿಂಗ್, ಒಂದು ಬ್ಯಾನರ್, ಒಂದು ಫೋಟೋ. ಆಮೇಲೆ ಮೂರು ತಿಂಗಳಿಗೆ ಎಲ್ಲರೂ ಸುಸ್ತು. ಕಟ್ಟಡ ಮಾತ್ರ ಏಳುತ್ತಲೇ ಇರುತ್ತದೆ.

ನಾನಿರುವುದು ಬೆಂಗಳೂರಿನ ಕನಕಪುರ ರಸ್ತೆಗೆ ಅಂಟಿಕೊಂಡ ಒಂದು ಲೇಔಟಿನಲ್ಲಿ. 2021ರ ಜನವರಿಯಲ್ಲಿ ಮೆಟ್ರೋದ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆವರೆಗೆ ಬಂತು, ಐದು ಹೊಸ ನಿಲ್ದಾಣ. ಅದಾದ ನಂತರ ಮೇಲೆ ಹೇಳಿದ ನಾಟಕವನ್ನು ಎರಡು ಸಲ ಪೂರ್ತಿ ನೋಡಿದ್ದೇನೆ. ಮೊದಲ ಸಲ ನಾವು ಸುಮ್ನೆ ಕೂಗಾಡಿ ಸೋತೆವು. ಎರಡನೇ ಸಲ ಕಾಗದ ಓದಿ, ಕೇಳಿದ್ದರಲ್ಲಿ ಒಂದಿಷ್ಟನ್ನು ಪಡೆದುಕೊಂಡೆವು. ಆ ಎರಡರ ನಡುವೆ ಕಲಿತದ್ದು ಇಲ್ಲಿದೆ. ಬೆಂಗಳೂರಿನ ಲೆಕ್ಕದಲ್ಲಿ ಬರೆದಿದ್ದೇನೆ, ಬೇರೆ ಊರಿನ ನಿಯಮ ಬೇರೆ ಇರುತ್ತದೆ.

ಮೊದಲು ನಿಮಗೆ ಬೇಡದ್ದು ಏನು ಅಂತ ಬರೆಯಿರಿ

ಒಂದು ಹಾಳೆ ತಗೊಳ್ಳಿ. "ಅಪಾರ್ಟ್‌ಮೆಂಟ್ ಬೇಡ" ಅಂತ ಬರೆಯಬೇಡಿ, ಯಾಕೆಂದರೆ ಯಾವ ಕಚೇರಿಯಲ್ಲೂ ಆ ಅರ್ಜಿಗೆ ಉತ್ತರ ಇಲ್ಲ. ಜಾಗ ಅವರದ್ದು, ವಸತಿ ವಲಯದಲ್ಲಿದೆ, ನಿಯಮದ ಪ್ರಕಾರ ಕಟ್ಟುತ್ತಾರೆ ಅಂದರೆ ನಿಮ್ಮ ಇಷ್ಟ ಕೇಳಬೇಕಾದ ಅಗತ್ಯ ಯಾರಿಗೂ ಇಲ್ಲ. ಬದಲಿಗೆ ಹೀಗೆ ಬರೆಯಿರಿ: ಮೋರಿ ಈಗಲೇ ಮಳೆಗೆ ಉಕ್ಕುತ್ತದೆ. ಗೇಟು ನಮ್ಮ 30 ಅಡಿ ರಸ್ತೆಗೆ ಬರುತ್ತದೆ. ನೆಲಮಾಳಿಗೆ ತೋಡಿದರೆ ನಮ್ಮ ಗೋಡೆ ಬಿರುಕು ಬಿಡಬಹುದು. ರಾತ್ರಿ ಎರಡು ಗಂಟೆಗೆ ಕಾಂಕ್ರೀಟ್ ಲಾರಿ ಬರುತ್ತದೆ. ಇವಕ್ಕೆಲ್ಲ ಒಂದೊಂದು ಇಲಾಖೆ ಇದೆ, ಒಂದೊಂದು ನಿಯಮ ಇದೆ, ಅಲ್ವಾ?

ಬರೆಯುವಾಗ ಕೆಲವು ವಾಕ್ಯ ತಾನಾಗಿಯೇ ಬರುತ್ತವೆ: "ಬ್ಯಾಚುಲರ್‌ಗಳು ಬಂದು ತುಂಬುತ್ತಾರೆ", "ಹೊರಗಿನವರು ಜಾಸ್ತಿ ಆಗ್ತಾರೆ", "ಏರಿಯಾದ ವಾತಾವರಣ ಕೆಡುತ್ತೆ". ಅವನ್ನು ಹೊಡೆದುಹಾಕಿ. ಕಾಗದದಲ್ಲಿ ಅವಕ್ಕೆ ಬೆಲೆ ಇಲ್ಲ ಅನ್ನೋದು ಒಂದು ಕಾರಣ. ನಾವೂ ಒಂದು ಕಾಲಕ್ಕೆ ಯಾರದ್ದೋ ರಾಗಿ ಹೊಲದ ಮೇಲೆ ಸೈಟು ತಗೊಂಡು ಬಂದ ಹೊರಗಿನವರೇ ಅನ್ನೋದು ಇನ್ನೊಂದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಬೈಯುವವರು ಬೈಯಬಹುದು. ಮೆಟ್ರೋ ನಿಲ್ದಾಣದ ಹತ್ತಿರ ಜಾಸ್ತಿ ಮನೆ ಬರುವುದು ಒಳ್ಳೆಯದೇ. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ನೂರು ಮನೆ ಬೇಡ ಅಂದರೆ ಆ ನೂರು ಸಂಸಾರ ಮಾಯವಾಗುವುದಿಲ್ಲ. ಇನ್ನೂ ಹದಿನೈದು ಕಿಲೋಮೀಟರ್ ಆಚೆ ಮನೆ ಮಾಡಿ, ದಿನಾ ಕಾರಿನಲ್ಲಿ ನಮ್ಮ ಮುಖ್ಯ ರಸ್ತೆ ಮೇಲೇ ಬರುತ್ತಾರೆ. ಸಾರ್ವಜನಿಕ ದುಡ್ಡಿನಲ್ಲಿ ಕಟ್ಟಿದ ನಿಲ್ದಾಣದ ಬುಡದಲ್ಲಿ ಒಂಟಿ ಮನೆಗಳೇ ಇರಬೇಕು ಅಂತ ಹಟ ಹಿಡಿಯೋದು ನನಗೆ ಸರಿ ಕಾಣುವುದಿಲ್ಲ. ಆದರೆ ಮನೆ ಜಾಸ್ತಿ ಆಗಲಿ ಅಂದ ಮಾತ್ರಕ್ಕೆ ಮೋರಿ, ನೀರು, ಫುಟ್‌ಪಾತ್ ಲೆಕ್ಕ ಬಿಡಬೇಕಾಗಿಲ್ಲ. ಜಗಳ ಇರಬೇಕಾದದ್ದು ಅಲ್ಲಿ.

ಕಾಗದ ಹುಡುಕುವುದು

ತಗಡು ಬಡಿದ ವಾರದಲ್ಲೇ ಶುರು ಮಾಡಿ. ಪ್ಲಾನ್ ಮಂಜೂರಾಗುವ ಮೊದಲು ಒಂದು ಪತ್ರ ಮಾಡುವ ಕೆಲಸವನ್ನು ಮಂಜೂರಾದ ಮೇಲೆ ಹತ್ತು ಪತ್ರ ಮಾಡುವುದಿಲ್ಲ.

ಮೊದಲು ಸರ್ವೆ ನಂಬರ್ ತಿಳಿದುಕೊಳ್ಳಿ. ಸರ್ಕಾರದ್ದೇ ದಿಶಾಂಕ್ ಆ್ಯಪ್ ಇದೆ. ಜಾಗದಲ್ಲಿ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಹಿಡಿದು ಗ್ರಾಮ ನಕ್ಷೆ ನೋಡಿ. ಹಳೇ ನಕ್ಷೆಯಲ್ಲಿ ಕೆರೆ, ಕಾಲುವೆ, ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲ ಇರುತ್ತದೆ. ಈಗ ನಿಮ್ಮ ಕಣ್ಣಿಗೆ ಬರೀ ಕಸದ ಗುಂಡಿ ಕಾಣುವ ಕಡೆ ನಕ್ಷೆಯಲ್ಲಿ ಕಾಲುವೆ ಇರಬಹುದು. ಇದ್ದರೆ ಅದು ದೊಡ್ಡ ವಿಷಯ. 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್ ಪ್ರಕಾರ ಪ್ರಾಥಮಿಕ ರಾಜಕಾಲುವೆಯ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಮಧ್ಯದಿಂದ 50 ಮೀಟರ್, ದ್ವಿತೀಯ ಕಾಲುವೆಗೆ 25, ತೃತೀಯಕ್ಕೆ 15 ಮೀಟರ್ ಬಿಡಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನೆಲ್ಲ ಹೆಚ್ಚಿಸಿತ್ತು, ಕೆರೆಗೆ 75 ಮೀಟರ್ ಅಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಹಳೇ ಫಾರ್ವರ್ಡ್ ನಂಬಿ 75 ಅಂತ ಬರೆದು ಕಳಿಸಿದರೆ ಅಧಿಕಾರಿ ಅಲ್ಲಿಗೇ ಪತ್ರ ಮಡಚಿಡುತ್ತಾರೆ. ನಮಗೆ ಮೊದಲ ಸಲ ಆದದ್ದು ಅದೇ.

ಮಾಸ್ಟರ್ ಪ್ಲಾನ್ ವಿಷಯ ಬಂತಲ್ಲ, ಒಂದು ತಮಾಷೆ. 2031ಕ್ಕೆ ಅಂತ ಹೊಸ ಕರಡು 2017ರಲ್ಲಿ ಹೊರಬಂತು, ಆಮೇಲೆ ಸರ್ಕಾರವೇ ವಾಪಸ್ ತಗೊಂಡಿತು. ಹಾಗಾಗಿ ಹೆಸರಿನಲ್ಲೇ ಅವಧಿ ಮುಗಿದಿರುವ 2015ರ ಪ್ಲಾನನ್ನು ಹಿಡಿದುಕೊಂಡೇ ಇಷ್ಟು ವರ್ಷ ಊರು ಬೆಳೆದಿದೆ.

ಆಮೇಲೆ ಎಫ್‌ಎಆರ್. ಜಾಗದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ ಅದು. ಹತ್ತು ಸಾವಿರ ಚದರ ಅಡಿ ಜಾಗಕ್ಕೆ ಎಫ್‌ಎಆರ್ 2 ಇದ್ದರೆ ಎಲ್ಲ ಮಹಡಿ ಸೇರಿ ಇಪ್ಪತ್ತು ಸಾವಿರ. 2015ರ ಪ್ಲಾನಿನ ವಲಯ ನಿಯಮದಲ್ಲಿ ಮೆಟ್ರೋ ನಿಲ್ದಾಣದಿಂದ 150 ಮೀಟರ್ ಒಳಗೆ ಇದು 4ರವರೆಗೆ ಹೋಗಬಹುದು. "ಇಷ್ಟು ಎತ್ತರ ಹೇಗೆ ಕೊಟ್ಟರು, ಲಂಚ ತಿಂದಿದ್ದಾರೆ" ಅಂತ ಕೂಗುವ ಮೊದಲು ನಿಲ್ದಾಣದಿಂದ ಜಾಗ ಎಷ್ಟು ದೂರ ಅಂತ ಅಳೆಯಿರಿ. 150 ಮೀಟರ್ ಒಳಗಿದ್ದರೆ ಎತ್ತರದ ಜಗಳ ಬಿಟ್ಟುಬಿಡುವುದೇ ಒಳ್ಳೆಯದು. ಆಚೆಗಿದ್ದರೆ ಆಟ ಬೇರೆ. ಆಗ ಎಫ್‌ಎಆರ್ ನಿಂತಿರುವುದು ಜಾಗದ ಅಳತೆ ಮತ್ತು ಎದುರಿನ ರಸ್ತೆಯ ಅಗಲದ ಮೇಲೆ. ದುಡ್ಡು ಕಟ್ಟಿ ತಗೊಳ್ಳುವ ಪ್ರೀಮಿಯಂ ಎಫ್‌ಎಆರ್ ಕೂಡ ರಸ್ತೆ ಅಗಲ ನೋಡಿಯೇ ಕೊಡುವುದು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅಕ್ಕಪಕ್ಕದವರ ಕೈಯಲ್ಲಿರುವ ಅತ್ಯಂತ ಗಟ್ಟಿ ಆಯುಧ ಐವತ್ತು ಅಡಿ ಟೇಪು. ಪ್ಲಾನಿನಲ್ಲಿ ರಸ್ತೆ 12 ಮೀಟರ್ ಅಂತ ಬರೆದಿರುತ್ತಾರೆ. 12 ಮೀಟರ್ ಅಂದರೆ 40 ಅಡಿಗಿಂತ ಚೂರು ಕಡಿಮೆ. ನೀವು ಹೋಗಿ ಅಳೆದರೆ 31 ಅಡಿ ಬರುತ್ತದೆ. ಬೆಳಿಗ್ಗೆ ಆರಕ್ಕೆ ಹೋಗಿ, ಕಾರುಗಳು ನಿಂತಿರುತ್ತವೆ ನಿಜ ಆದರೆ ಓಡಾಟ ಇರುವುದಿಲ್ಲ. ಒಂದೇ ಕಡೆ ಅಳೆದರೆ ಸಾಲದು. ಜಾಗದ ಮುಂದೆ, ತಿರುವಿನಲ್ಲಿ, ಮುಖ್ಯ ರಸ್ತೆ ಸೇರುವಲ್ಲಿ, ಮೂರು ಕಡೆ ಅಳೆದು, ಟೇಪು ಕಾಣುವ ಹಾಗೆ ಫೋಟೋ ತೆಗೆಯಿರಿ. ನಮ್ಮ ಬೀದಿಯಲ್ಲಿ ಅಳೆಯುವಾಗ ಇನ್ನೊಂದು ಸತ್ಯ ಗೊತ್ತಾಯಿತು. ರಸ್ತೆ ಕಿರಿದಾಗಿದ್ದು ನಮ್ಮವರೇ ಕಾಂಪೌಂಡ್ ಆಚೆ ಕಟ್ಟಿಕೊಂಡ ಗಿಡದ ಕಟ್ಟೆ, ಕಾರು ಹತ್ತಿಸುವ ಇಳಿಜಾರು, ಮೆಟ್ಟಿಲುಗಳಿಂದ. ಮುಂದಿನ ಮೀಟಿಂಗಿಗೆ ಇಬ್ಬರು ಬರಲೇ ಇಲ್ಲ.

ಇನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಜಾಸ್ತಿ ಮನೆ ಬರುವುದಿದ್ದರೆ ಜಾಹೀರಾತು ಹಾಕುವ ಮೊದಲೇ ರೇರಾದಲ್ಲಿ ನೋಂದಣಿ ಆಗಿರಬೇಕು. ರೇರಾ ಇರುವುದು ಮನೆ ಕೊಳ್ಳುವವರಿಗೆ, ಆದರೆ ಅದರ ಜಾಲತಾಣ ನಮಗೂ ಉಪಯೋಗ. ಪ್ರಾಜೆಕ್ಟ್ ಹೆಸರು ಹಾಕಿ ಹುಡುಕಿದರೆ ಮಂಜೂರಾದ ಪ್ಲಾನ್, ಎಷ್ಟು ಮನೆ, ಯಾವ ಯಾವ ಇಲಾಖೆಯ ಒಪ್ಪಿಗೆ ಇದೆ ಅನ್ನೋದು ಸಿಗುತ್ತದೆ. ಅರ್ಧ ವದಂತಿ ಅಲ್ಲೇ ಸಾಯುತ್ತದೆ. ನಮ್ಮ ಗುಂಪಿನಲ್ಲಿ 22 ಮಹಡಿ ಅಂತ ಹರಿದಾಡಿದ್ದು ಪ್ಲಾನಿನಲ್ಲಿ 9 ಇತ್ತು.

ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್, ಅಂದರೆ ಸುಮಾರು 2.15 ಲಕ್ಷ ಚದರ ಅಡಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪರಿಸರ ಅನುಮತಿ ಬೇಕು. ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಜಾಲತಾಣದಲ್ಲಿ ಆ ಅರ್ಜಿ, ಕೊಟ್ಟ ಷರತ್ತು ಎಲ್ಲ ನೋಡಬಹುದು. ಜನ ಸಾಮಾನ್ಯವಾಗಿ "ಸಾರ್ವಜನಿಕ ಅಹವಾಲು ಸಭೆ ಆಗಲಿ, ಅಲ್ಲಿ ನೋಡ್ಕೊಳ್ಳೋಣ" ಅಂತ ಕಾಯುತ್ತಾರೆ. ಕಾಯಬೇಡಿ. ಪರಿಸರ ಅನುಮತಿಯ 2006ರ ಅಧಿಸೂಚನೆಯಲ್ಲಿ ಕಟ್ಟಡ ಯೋಜನೆಗಳಿಗೆ ಆ ಸಭೆಯಿಂದ ವಿನಾಯಿತಿ ಇದೆ, ಅದು ನಡೆಯುವುದೇ ಇಲ್ಲ. ಅನುಮತಿ ಕೊಟ್ಟದ್ದು ತಪ್ಪು ಅನ್ನಿಸಿದರೆ 30 ದಿನದೊಳಗೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬೇಕು, ನಮಗೆ ಚೆನ್ನೈ ಪೀಠ. ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ ಕೊಡಬಹುದು, ಅದರಾಚೆ ಇಲ್ಲ.

ಜನರ ಆಕ್ಷೇಪ ಕೇಳಲೇಬೇಕಾದ ಸಂದರ್ಭ ಎರಡಿವೆ, ಇವನ್ನು ತಪ್ಪಿಸಿಕೊಳ್ಳಬೇಡಿ. ಜಾಗದ ಬಳಕೆಯನ್ನೇ ಬದಲಿಸಲು ಕೇಳಿದ್ದರೆ, ಉದಾಹರಣೆಗೆ ಕೈಗಾರಿಕೆಯಿಂದ ವಸತಿಗೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಸಣ್ಣ ಅಕ್ಷರದಲ್ಲಿ, ಕಳೆದುಹೋದ ಮಾರ್ಕ್ಸ್ ಕಾರ್ಡಿನ ಪಕ್ಕದಲ್ಲಿ. ಅದರಲ್ಲಿ ಹೇಳಿದ ದಿನದೊಳಗೆ ಬರೆಯಬೇಕು. ಇನ್ನೊಂದು, 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ವೃಕ್ಷ ಅಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು.

ಜಾಲತಾಣದಲ್ಲಿ ಸಿಗದ್ದಕ್ಕೆ ಆರ್‌ಟಿಐ. ಹತ್ತು ರೂಪಾಯಿ, 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ನಮ್ಮ ನಿವೃತ್ತ ಮೇಷ್ಟ್ರೊಬ್ಬರು ಮೂರು ಪುಟ ಬರೆದು ಹಾಕಿದ್ದರು, ಅದು ಹಾಗೇ ವಾಪಸ್ ಬಂತು. "ಯಾಕೆ ಕೊಟ್ಟಿರಿ" ಅಂತ ಕೇಳಬೇಡಿ, ಕಾಗದ ಕೇಳಿ: ಮಂಜೂರಾದ ನಕ್ಷೆಯ ಪ್ರತಿ, ರಸ್ತೆ ಅಗಲಕ್ಕೆ ಆಧಾರವಾದ ದಾಖಲೆ, ಜಲಮಂಡಳಿಯ ಒಪ್ಪಿಗೆ ಪತ್ರ. ಬೇರೆ ಬೇರೆ ಅರ್ಜಿ, ಬೇರೆ ಬೇರೆ ಹತ್ತು ರೂಪಾಯಿ.

ಯಾರಿಗೆ ಬರೆಯುವುದು

ಬಿಬಿಎಂಪಿ ಅಂತ ಬಾಯಲ್ಲಿ ಬರುತ್ತದೆ, ಆದರೆ 2025ರ ಸೆಪ್ಟೆಂಬರ್‌ನಿಂದ ಅದು ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ, ತಪ್ಪು ಪಾಲಿಕೆಗೆ ಕಳಿಸಿದ ಪತ್ರ ಮೇಜಿಂದ ಮೇಜಿಗೆ ಪ್ರವಾಸ ಮಾಡುತ್ತದೆ. ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ ಕಟ್ಟಡದ ವಿಷಯ. ಜಲಮಂಡಳಿಗೆ ನೀರು, ಒಳಚರಂಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಳಚೆ ನೀರಿನ ಸಂಸ್ಕರಣಾ ಘಟಕ. ಅಗ್ನಿಶಾಮಕ ದಳಕ್ಕೆ ಎತ್ತರದ ಕಟ್ಟಡದ ಸುತ್ತ ಗಾಡಿ ತಿರುಗುವ ಜಾಗ. ಎಲ್ಲವನ್ನೂ ಒಂದೇ ಪತ್ರದಲ್ಲಿ ಸುರಿದು ಎಲ್ಲರಿಗೂ ಕಳಿಸಿದರೆ ಪ್ರತಿಯೊಬ್ಬರೂ ಅದು ಇನ್ನೊಬ್ಬರ ಕೆಲಸ ಅಂದುಕೊಳ್ಳುತ್ತಾರೆ.

ಪತ್ರ ಒಂದೇ ಪುಟ ಇರಲಿ. ಸರ್ವೆ ನಂಬರ್, ನಿಯಮ, ಅಳತೆ, ಫೋಟೋ, ಏನು ಮಾಡಬೇಕು ಅನ್ನೋ ಒಂದು ಸಾಲು. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡೇ ಹೊರಗೆ ಬನ್ನಿ. ಆ ಸೀಲಿಲ್ಲದ ಪತ್ರ ನೀವು ಬರೆದೇ ಇಲ್ಲ ಅಂತ ಲೆಕ್ಕ. ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಆಗಿದ್ದರೆ ಅದರ ಲೆಟರ್‌ಹೆಡ್‌ನಲ್ಲೇ ಬರೆಯಿರಿ.

ಕಾರ್ಪೊರೇಟರ್ ಹತ್ತಿರ ಹೋಗೋಣ ಅನ್ನೋರು ಇರುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ನಡೆದ ಊರು ಇದು. ಶಾಸಕರಿಗೆ ಒಂದು ಪ್ರತಿ ಕಳಿಸಿ, ಸಾಕು.

ಬಿಲ್ಡರ್ ಜೊತೆ ಕೂತಾಗ

ಕೂರಲೇಬೇಕು, ಮತ್ತು ಅಡಿಪಾಯ ತೋಡುವ ಮೊದಲೇ ಕೂರಬೇಕು. ಒಬ್ಬರೇ ಹೋಗಬೇಡಿ. ಮೂರು ಜನ ಹೋಗಿ, ಏನು ಮಾತಾಯಿತು ಅಂತ ಅದೇ ಸಂಜೆ ಈಮೇಲ್ ಮಾಡಿ. ಇದು ಬಿಲ್ಡರ್‌ಗಿಂತ ನಮ್ಮವರಿಗೋಸ್ಕರ. ಹೋರಾಟದ ಮುಂದಾಳು ಇದ್ದಕ್ಕಿದ್ದಂತೆ ಮೌನವಾಗಿ, ಅವರ ಮನೆಗೆ ಹೊಸ ಗೇಟು ಬಂದದ್ದನ್ನು ನಾವು ಮೊದಲ ಸಲ ನೋಡಿದ್ದೇವೆ.

ಏನು ಕೇಳಬೇಕು? ನನ್ನ ಲೆಕ್ಕದಲ್ಲಿ ಗೇಟು ಎಲ್ಲಿ ಅನ್ನೋದೇ ಮೊದಲು. ಎರಡು ಕಡೆ ರಸ್ತೆ ಇದ್ದರೆ ಕಾರಿನ ಗೇಟು ದೊಡ್ಡ ರಸ್ತೆಗೆ, ನಡೆದು ಹೋಗುವವರ ಸಣ್ಣ ಗೇಟು ನಿಲ್ದಾಣದ ಕಡೆಗೆ. ದೊಡ್ಡ ಜಾಗವಾದರೆ ಒಂದು ಅಂಚಿನಲ್ಲಿ ಎಲ್ಲರೂ ನಡೆದು ಹೋಗಲು ದಾರಿ ಬಿಡಿ ಅಂತ ಕೇಳಿ. ಗೋಡೆ ಸುತ್ತಿ ಹೋಗುವ ಮುಕ್ಕಾಲು ಕಿಲೋಮೀಟರ್ ಉಳಿಯಬಹುದು, ನಿಮಗೂ. ಕೇಳಬಾರದ್ದು: ಇನ್ನೂ ಜಾಸ್ತಿ ಪಾರ್ಕಿಂಗ್. ಎಲ್ಲ ಮೀಟಿಂಗಿನಲ್ಲೂ ಒಬ್ಬರು ಎದ್ದು ಮನೆಗೆ ಎರಡು ಕಾರಿನ ಜಾಗ ಇಡಿ ಅನ್ನುತ್ತಾರೆ, ಮುಂದಿನ ಮಾತಿನಲ್ಲೇ ಟ್ರಾಫಿಕ್ ಜಾಸ್ತಿ ಆಗುತ್ತೆ ಅನ್ನುತ್ತಾರೆ. ಪಾರ್ಕಿಂಗ್ ಜಾಸ್ತಿ ಇದ್ದರೆ ಕಾರು ಜಾಸ್ತಿ, ಅದನ್ನು ಇಡಲು ನೆಲಮಾಳಿಗೆ ಇನ್ನೊಂದು ಮಟ್ಟ ಕೆಳಗೆ, ಗುಂಡಿ ಇನ್ನೂ ಆಳ, ನಿಮ್ಮ ಗೋಡೆಗೆ ಇನ್ನೂ ಅಪಾಯ. ಮೆಟ್ರೋ ಪಕ್ಕದಲ್ಲಿ ಕೂತು ಇದನ್ನು ಕೇಳೋದು ನಮ್ಮ ಕಾಲಿಗೆ ನಾವೇ ಕಲ್ಲು ಹಾಕಿಕೊಂಡ ಹಾಗೆ.

ನೀರಿನ ಬಗ್ಗೆ ಮಾತಾಡುವಾಗ ಕೋಪ ಬರುತ್ತದೆ, 2024ರ ಬೇಸಿಗೆ ಯಾರಿಗೂ ಮರೆತಿಲ್ಲ. ಬೋರ್‌ವೆಲ್ ಒಣಗಿ ಟ್ಯಾಂಕರಿಗೆ ಸಾಲು ನಿಂತವರು ನಾವು. ಆ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚು ಬಂತು. ಅದು 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೆ ಅಂತ ಮಾಡಿದ ಯೋಜನೆ. "ನೀರು ಎಲ್ಲಿಂದ" ಅಂತ ಸುಮ್ನೆ ಕೇಳಿದರೆ "ಕಾವೇರಿ ಬರುತ್ತೆ ಸಾರ್" ಅಂತಾರೆ. ಹೀಗೆ ಕೇಳಿ: ಕಟ್ಟುವಾಗ ಎರಡು ವರ್ಷ ಯಾವ ನೀರು ಬಳಸುತ್ತೀರಿ? ಸಂಸ್ಕರಿಸಿದ ನೀರಾ, ಹೊಸ ಬೋರಾ? ಫ್ಲಶ್‌ಗೆ ಬೇರೆ ಪೈಪು ಹಾಕುತ್ತೀರಾ? ಸಂಸ್ಕರಿಸಿ ಉಳಿದ ನೀರು ಎಲ್ಲಿಗೆ ಬಿಡುತ್ತೀರಿ? ಮಳೆ ನೀರಿನ ಇಂಗು ಗುಂಡಿ ನಕ್ಷೆಯಲ್ಲಿ ಎಲ್ಲಿದೆ ತೋರಿಸಿ. ಅವರು ತಿರುಗಿ ಕೇಳಬಹುದು, ನಿಮ್ಮ ಮನೆಯಲ್ಲಿ ಇದೆಯಾ ಅಂತ. 2009ರಿಂದ 60×40 ಸೈಟಿನ ಹಳೇ ಮನೆಗೂ ಮಳೆಕೊಯ್ಲು ಕಡ್ಡಾಯ, ನೋಡಿಕೊಂಡು ಹೋಗಿ.

ಗುಂಡಿ ತೋಡುವ ಮೊದಲಿನ ಒಂದು ಭಾನುವಾರ

ಬೇರೆ ಏನನ್ನೂ ಮಾಡದಿದ್ದರೂ ಇದನ್ನು ಮಾಡಿ. ಜಾಗಕ್ಕೆ ಅಂಟಿಕೊಂಡಿರುವ ಪ್ರತಿ ಮನೆಯ ಒಳಗೂ ಹೊರಗೂ ಗೋಡೆ, ಸಂಪು, ಕಾಂಪೌಂಡ್, ಟೈಲ್ಸ್ ಎಲ್ಲದರ ಫೋಟೋ ತೆಗೆಯಿರಿ. ಈಗಾಗಲೇ ಬಿರುಕು ಇದ್ದರೆ ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆಯಿರಿ. ಮುಚ್ಚಿಡಬೇಡಿ, ಹಳೇ ಬಿರುಕನ್ನು ಒಪ್ಪಿಕೊಂಡರೆ ಹೊಸದನ್ನು ನಂಬುತ್ತಾರೆ. ಎಲ್ಲವನ್ನೂ ಬಿಲ್ಡರಿಗೆ, ಪಾಲಿಕೆಗೆ ಒಂದೇ ದಿನ ಈಮೇಲ್ ಮಾಡಿ. ಸಾಧ್ಯವಾದರೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ದುಡ್ಡು ಕೊಟ್ಟು ವರದಿ ಬರೆಸಿ, ನಾಲ್ಕು ಮನೆ ಹಂಚಿಕೊಂಡರೆ ಭಾರ ಅನ್ನಿಸುವುದಿಲ್ಲ. ಗುತ್ತಿಗೆದಾರರ ವಿಮೆಯಲ್ಲಿ ಅಕ್ಕಪಕ್ಕದವರ ಹಾನಿಯೂ ಸೇರಿದೆಯಾ ಅಂತ ಕೇಳಿ, ಪ್ರತಿ ತಗೊಳ್ಳಿ. ನಮ್ಮಲ್ಲಿ ಮೊದಲ ಸಲ ಒಬ್ಬರ ಅಡುಗೆಮನೆ ಗೋಡೆ ಮೇಲಿಂದ ಕೆಳಗೆ ಸೀಳಿತು. ಅದು ಮೊದಲೇ ಇತ್ತು ಅಂದರು ಬಿಲ್ಡರ್. ಅಲ್ಲ ಅನ್ನೋದಕ್ಕೆ ಮನೆಯವರ ಹತ್ತಿರ ಇದ್ದದ್ದು ಗೃಹಪ್ರವೇಶದ ಆಲ್ಬಂ ಒಂದೇ.

ಗದ್ದಲದ ಬಗ್ಗೆ. ರಾತ್ರಿ 10ರಿಂದ ಬೆಳಿಗ್ಗೆ 6 ರಾತ್ರಿ ಅಂತ ಲೆಕ್ಕ, ವಸತಿ ಪ್ರದೇಶದಲ್ಲಿ ಆಗ 45 ಡೆಸಿಬಲ್, ಹಗಲು 55. ಮೀರಿದರೆ 112ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆದರೆ ಸ್ಲ್ಯಾಬ್ ಹಾಕುವ ದಿನ ಲಾರಿ ಸಂಜೆಯ ಟ್ರಾಫಿಕ್ಕಿನಲ್ಲಿ ಬರಲಾಗದೆ ತಡವಾಗುವುದು ನಿಜವೇ. ನಾವು ಮಾಡಿಕೊಂಡ ಒಪ್ಪಂದ ಏನೆಂದರೆ ಸ್ಲ್ಯಾಬ್ ದಿನ ಎರಡು ದಿನ ಮೊದಲೇ ತಿಳಿಸಬೇಕು, ಉಳಿದ ದಿನ ಹತ್ತಕ್ಕೆ ಬಂದ್. ಪರೀಕ್ಷೆ ಇರುವ ಮಕ್ಕಳ ಮನೆಯವರು ಕೊಟ್ಟ ದಿನಾಂಕದ ಪಟ್ಟಿಯನ್ನು ಸೈಟ್ ಎಂಜಿನಿಯರ್ ಗೋಡೆಗೆ ಅಂಟಿಸಿಕೊಂಡಿದ್ದ. ಬರೀ ಬೈದಿದ್ದರೆ ಅಂಟಿಸುತ್ತಿರಲಿಲ್ಲ.

ಕೋರ್ಟಿಗೆ ಹೋಗುವ ವಿಷಯ. ಕಾಲುವೆ ಮುಚ್ಚಿದ್ದಾರೆ, ರಸ್ತೆ ಅಗಲ ಸುಳ್ಳು, ಪ್ಲಾನ್ ಮೀರಿ ಮಹಡಿ ಎಬ್ಬಿಸಿದ್ದಾರೆ, ಇಂಥದ್ದಿದ್ದರೆ ಸೀಲು ಬಿದ್ದ ಪತ್ರಗಳ ಫೈಲು ಹಿಡಿದು ಒಳ್ಳೆ ವಕೀಲರನ್ನು ನೋಡಿ. ಬರೀ ಕಟ್ಟಡ ಇಷ್ಟವಿಲ್ಲ ಅಂತಾದರೆ ಆ ದುಡ್ಡಿನಲ್ಲಿ ಬೀದಿಗೆ ದೀಪ ಹಾಕಿಸಿ.

ಕೊನೆಯ ಹಿಡಿತ ಓಸಿ, ಅಂದರೆ ಸ್ವಾಧೀನಾನುಭವ ಪತ್ರ. ಕಟ್ಟಡ ಪ್ಲಾನ್ ಪ್ರಕಾರ ಇದ್ದರೆ ಮಾತ್ರ ಅದನ್ನು ಕೊಡಬೇಕು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಿಲ್ಲದೆ ಕರೆಂಟು, ನೀರಿನ ಸಂಪರ್ಕ ಕೊಡಬೇಡಿ ಅಂದ ಮೇಲೆ ಬಿಲ್ಡರಿಗೆ ಆ ಕಾಗದದ ಮೇಲೆ ಪ್ರೀತಿ ಬಂದಿದೆ. ಹಾಗಾಗಿ ಒಪ್ಪಿಕೊಂಡ ಕೆಲಸ ಏನು ಬಾಕಿ ಇದೆ ಅಂತ ಓಸಿಗೆ ಅರ್ಜಿ ಹಾಕುವ ಮೊದಲೇ ಪಾಲಿಕೆಗೆ ಬರೆಯಿರಿ. ನಮ್ಮ ಪಟ್ಟಿಯಲ್ಲಿ ಮೋರಿಯ ಮುಚ್ಚಳ, ಒಡೆದ ಫುಟ್‌ಪಾತ್, ನಿಲ್ದಾಣದ ಕಡೆಯ ಸಣ್ಣ ಗೇಟು ಇದ್ದವು. ಮುಚ್ಚಳ ಬಂತು, ಫುಟ್‌ಪಾತ್ ಅರ್ಧ ಆಯಿತು. ಗೇಟು ಇದೆ, ಆದರೆ ರಾತ್ರಿ ಒಂಬತ್ತಕ್ಕೇ ಬೀಗ ಹಾಕುತ್ತಾರೆ. ಈಗ ಅದನ್ನು ಹನ್ನೊಂದರವರೆಗೆ ತೆರೆದಿಡಿ ಅಂತ ಜಗಳ ಮಾಡುತ್ತಿರುವವರು ಅಲ್ಲಿಗೆ ಹೊಸದಾಗಿ ಬಂದ ಸಂಸಾರಗಳೇ. ಅವರಲ್ಲಿ ಇಬ್ಬರು ನಮ್ಮ ಸಂಘಕ್ಕೂ ಸೇರಿದ್ದಾರೆ.